ಲಿನಕ್ಸ್ ಗೆದ್ದ ವಿಜಯದಶಮಿ

ಸ್ನೇಹಿತರೇ, ಇವತ್ತು ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಮಾನ ಉಳಿಸಿಕೊಂಡಿತು!

ಕೋಗಿಲಿನಲ್ಲಿರುವ ಅಕ್ಕನ ಮನೆಯಲ್ಲಿ ಅವಳ ಮಗಳಿಗೆ ಅಕ್ಷರಾಭ್ಯಾಸ. ಕಾಲು ಮುರಿದುಕೊಂಡು ಆರ್.ಟಿ. ನಗರದ ನಮ್ಮ ಮನೆಯಲ್ಲಿರುವ ಅಮ್ಮ ಅದನ್ನು ವೀಡಿಯೊ ಕಾಲ್‌ನಲ್ಲೇ ನೋಡಬೇಕಿತ್ತು. ನಾನು ಅಮ್ಮನ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂತೆ. ನಮ್ಮ ದನಿ ಅಕ್ಕನ ಮನೆಯವರಿಗೆ ಕೇಳದು, ಅವರ ಚಿತ್ರ ನಮಗೆ ಕಾಣದು. ದನಿಯ ತಪ್ಪು ನನ್ನದೇ; ಸೆಟ್ಟಿಂಗ್ಸ್‌ನಲ್ಲಿ ಬೇರೆ ಮೈಕ್ ಆಯ್ಕೆಯಾಗಿತ್ತು, ಬದಲಿಸಿದೆ. ಆದರೂ ಪರದೆಯ ಮೇಲೆ ಬರೀ ಕತ್ತಲೆ.

“ಆ ಬಿಟ್ಟಿ ಲಿನಕ್ಸ್ ಬಿಸಾಕಮ್ಮ. ನಂದು ಮ್ಯಾಕು, ಇದ್ರಲ್ಲಿ ಪ್ರಾಬ್ಲಮ್ಮೇ ಬರಲ್ಲ,” ಎಂದರು ಭಾವ.

“ಮುಹೂರ್ತ ಮೀರುತ್ತೆ ಕಣ್ರೀ,” ಎಂದು ಪುರೋಹಿತರ ಅವಸರ. ಅಮ್ಮನ ಕಣ್ಣಲ್ಲಿ ಆಗಲೇ ನೀರು.

ತಟ್ಟನೆ ಹೊಳೆಯಿತು. “ಅಕ್ಕಾ, ನಿನ್ನೆ ಆಯುಧಪೂಜೆಲಿ ಭಾವನ ಲ್ಯಾಪ್‌ಟಾಪ್‌ಗೆ ಗಂಧ-ಕುಂಕುಮ ಎಲ್ಲಿಟ್ಟೆ?”

“ಸ್ಕ್ರೀನ್ ಮೇಲ್ಗಡೆ ನಟ್ಟನಡುವೆ ಒಂದು ಚುಕ್ಕಿ ಇತ್ತಲ್ಲ, ಅದರ ಮೇಲೇ ಕಣೇ!”

ಭಾವ ಕ್ಯಾಮೆರಾ ಒರೆಸಿದರು. ಪರದೆ ಮೊದಲು ಕೆಂಪಾಯಿತು. ಆಮೇಲೆ ಅಕ್ಕಿ ತಟ್ಟೆ, ಪುಟ್ಟ ಬೆರಳು, ಅದು ಬರೆಯುತ್ತಿದ್ದ ‘ಅ’, ಎಲ್ಲ ಕಂಡವು. ಅಮ್ಮ ಕಣ್ಣೊರೆಸಿಕೊಂಡು ಕೇಳಿದಳು: “ಅಷ್ಟು ದುಬಾರಿ ಕಂಪ್ಯೂಟರು, ಒಂದು ಬೊಟ್ಟಿಟ್ಟಿದ್ದಕ್ಕೇ ಕಣ್ಣು ಕಾಣ್ಸಲ್ವಂತಾ?”

ಭಾವನ ಮುಖ ನೋಡಿದರೆ, ನನ್ನ ಮೈಕ್ ಈಗ ತುಂಬ ಚೆನ್ನಾಗಿ ಕೆಲಸ ಮಾಡುತ್ತಿದೆ.