ಹೆಂಗಸು ಓಡಿಸುವ ಕಾರಿಗೆ ಹೆಚ್ಚಿನ ಕಂತು

ಐವತ್ತರ ದಶಕದ ಸಾಗರದಲ್ಲಿ ಕಾರು ಓಡಿಸುವ ಹೆಂಗಸು ನಾನೊಬ್ಬಳೇ ಎಂದು ಊರವರು ಹೇಳುತ್ತಿದ್ದರು. ಅದು ಹೊಗಳಿಕೆಯಲ್ಲ, ದೂರು. ಅಪ್ಪಯ್ಯ ಡಾಕ್ಟರು. ಅವರ ಕಣ್ಣಿಗೆ ದೂರದ್ದು ಮಸುಕಾಗತೊಡಗಿದ ಮೇಲೆ ಹೊಸನಗರ, ತೀರ್ಥಹಳ್ಳಿಯ ರೋಗಿಗಳ ಮನೆಗೆ ಅವರನ್ನು ಕೂರಿಸಿಕೊಂಡು ಹೋಗುತ್ತಿದ್ದವಳು ನಾನು. ಆ ಕೆಲಸ ನನಗೆ ಪ್ರಾಣ. ಅದಕ್ಕಾಗಿ ಒಂದು ಮದುವೆಯ ಮಾತು ಮುರಿದುಬಿದ್ದಾಗಲೂ ನಾನು ಅಳಲಿಲ್ಲ.

ಒಮ್ಮೆ ಹುಂಚದ ಹತ್ತಿರ ಹಿಂದೆ ಬಸ್ಸು, ಮುಂದೆ ತಿರುವು. ನಿಯಮದಲ್ಲಿದ್ದಂತೆ ಬಲಗೈ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಿದೆ. ನಿಧಾನ ಮಾಡುತ್ತಿದ್ದೇನೆ ಎಂದು ಹಿಂದಿನವರಿಗೆ ತಿಳಿಸುವ ಸನ್ನೆ ಅದು. ಬಲಗಡೆಯ ಓಣಿಯಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದವನೊಬ್ಬ ಎತ್ತುಗಳನ್ನು ಸೀದಾ ರಸ್ತೆಗೆ ಹೊಡೆದ. ನಾನು ಕಾರನ್ನು ಚರಂಡಿಗೆ ಇಳಿಸಿದೆ. ಎತ್ತು, ಮನುಷ್ಯರು ಎಲ್ಲ ಕ್ಷೇಮ. ಮಡ್‌ಗಾರ್ಡ್ ಮಾತ್ರ ನಜ್ಜುಗುಜ್ಜು.

"ನೀವೇ ಬಾ ಬಾ ಅಂತ ಕೈ ಮಾಡಿದ್ರಲ್ಲಮ್ಮಾ!" ಎಂದ ಅವನು.

ಅವನದೇನು ತಪ್ಪು? ನಮ್ಮಲ್ಲಿ ಯಾರನ್ನಾದರೂ ಕರೆಯುವುದೇ ಹಾಗೆ. ನಾನು ನಕ್ಕುಬಿಟ್ಟೆ.

ಮಡ್‌ಗಾರ್ಡ್ ರಿಪೇರಿಗೆ ವಿಮೆ ಕಂಪನಿಯ ಹತ್ತಿರ ದುಡ್ಡು ಕೇಳಿದ್ದೆವಲ್ಲ, ಅವರ ಏಜೆಂಟರು ನಗಲಿಲ್ಲ. ಶಿವಮೊಗ್ಗದಿಂದ ಬಂದವರು ನಾನು ಕೊಟ್ಟ ಕಾಫಿ ಕುಡಿದು, ಅಪ್ಪಯ್ಯನ ಕಡೆ ತಿರುಗಿ ಹೇಳಿದರು: "ಘಾಟಿ ರಸ್ತೆ, ಮೇಲಿಂದ ಒಂದು ಆಕ್ಸಿಡೆಂಟು, ಓಡಿಸೋದು ಬೇರೆ ಹೆಣ್ಣುಮಗಳು. ಮುಂದಿನ ಸಲ ಕಂತು ಏರ್ತದೆ ಡಾಕ್ಟ್ರೇ. ಮಗನೊಬ್ಬನೇ ಓಡಿಸೋದು ಅಂತ ಬರೆಸಿಬಿಡಿ, ಇಳೀತದೆ."

ಹಾಗೆ ಬರೆಸಿದರೆ ನಾನು ಕಾರು ಮುಟ್ಟುವಂತಿಲ್ಲ. ಇನ್ನು ಮಗ ಎಂದರೆ ನನ್ನ ಅಣ್ಣ, ನಮ್ಮದೇ ಗೇಟಿನ ಕಂಬ ಕೆಡವಿದ ಮಹಾನುಭಾವ! ಕಂಬಕ್ಕೆ ಯಾರೂ ವಿಮೆಯ ದುಡ್ಡು ಕೇಳಿರಲಿಲ್ಲವಾದ್ದರಿಂದ ಕಂಪನಿಯ ಲೆಕ್ಕದಲ್ಲಿ ಅವನು ಅಪ್ಪಟ ಚಿನ್ನ. ಅಪ್ಪಯ್ಯ ಪೆನ್ನು ತೆಗೆದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಬರೆಸಿ ಅಪ್ಪಯ್ಯಾ. ನಾಳೆ ತೀರ್ಥಹಳ್ಳಿಗೂ ಅವನ ಜೊತೆಗೇ ಹೋಗಿ ಬನ್ನಿ," ಎಂದೆ.

ಅಪ್ಪಯ್ಯ ಗೇಟಿನ ಕಡೆ ಒಮ್ಮೆ ನೋಡಿ ಪೆನ್ನು ಮುಚ್ಚಿದರು. "ಕಂತು ಏರಿದ್ರೆ ಏರ್ಲಿ ಮಾರಾಯ್ರೆ. ನಂಗೆ ಜೀವ ಬೇಕು. ಓಡಿಸೋದು ಇವಳೇ, ಇವಳ ಹೆಸರೇ ಬರೀರಿ."

ಏಜೆಂಟರಿಗೆ ಬೇರೆ ದಾರಿಯಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನ್ನ ಮುಖ ನೋಡಿ, "ನಿಮ್ಮ ಹೆಸರೇನಮ್ಮಾ?" ಎಂದರು.

ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.