ಮೀಟರ್ ಮೇಷ್ಟ್ರು
ಆಫೀಸಿನವರೆಲ್ಲ ಮೀಟರ್ ಮೇಷ್ಟ್ರು ಎಂದು ಕರೆಯುವ ಈ ಹಿರಿಯ ಇಂಜಿನಿಯರರಿಗೆ ಇರುವುದು ಒಂದೇ ಕೆಲಸ: ಸರ್ಕ್ಯೂಟ್ ಬೋರ್ಡಿನಲ್ಲಿ ವಿದ್ಯುತ್ತನ್ನು ಹದದಲ್ಲಿಡುವ ರೆಗ್ಯುಲೇಟರ್ ಚಿಪ್ಪು ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ವೋಲ್ಟೇಜ್ ಕೊಡಬಲ್ಲದೆಂದು ಅದನ್ನು ನಡೆಸುವ ತಂತ್ರಾಂಶವಾದ ಕರ್ನೆಲ್ ಡ್ರೈವರ್‌ನಲ್ಲಿ ಬರೆಯುವುದು. ಒಂದು ಅಂಕಿ ಬರೆಯಲು ಏಳು ಸಲ ಮೀಟರ್ ಹಿಡಿಯುತ್ತಾರೆ. "ಚಿಪ್ಪಿನ ಪುಸ್ತಕದಲ್ಲೇ ಇದೆಯಲ್ಲ ಸಾರ್" ಎಂದರೆ, "ಸುಟ್ಟುಹೋಗೋದು ಪುಸ್ತಕ ಅಲ್ಲಪ್ಪ, ಬೋರ್ಡು" ಎನ್ನುತ್ತಾರೆ. ಮನೆಯಲ್ಲಿ ಬಲ್ಬು ಬದಲಿಸಲೂ ಮೀಟರ್ ಬೇಕು. "ಪುಣ್ಯಕ್ಕೆ ಮದುವೆಗೆ ಮುಂಚೆ ನನ್ನನ್ನ ಅಳೀಲಿಲ್ಲ" ಎಂದು ಹೆಂಡತಿ ನಗುತ್ತಾರೆ. ಹಿಂದೊಮ್ಮೆ ಇವರು ಅಳೆಯದೆ ಬರೆದ ಗರಿಷ್ಠ ಮಿತಿಯೊಂದರಿಂದ ನಲವತ್ತು ಬೋರ್ಡು ಸುಟ್ಟುಹೋದವು. ಪಕ್ಕದ ಮೇಜಿನ ಹುಡುಗಿಯ ಜೊತೆ ಬರೆದ ಡ್ರೈವರ್ ಅದು, ಬರೆದವರ ಜಾಗದಲ್ಲಿ ಅವಳ ಹೆಸರಷ್ಟೇ ಇತ್ತು. ಕೆಲಸ ಹೋದದ್ದೂ ಅವಳದೇ. ಇವರು ತುಟಿ ಪಿಟಕ್ಕೆನ್ನಲಿಲ್ಲ. ಮೊನ್ನೆ ಬಸ್ ನಿಲ್ದಾಣದಲ್ಲಿ ಅವಳೇ ಸಿಕ್ಕಿ, "ಆ ಬೋರ್ಡುಗಳನ್ನ ಸುಟ್ಟು ನಿಮ್ಮ ಹೆಸರಿಗೂ ಮಸಿ ಬಳಿದುಬಿಟ್ಟೆ ಸಾರ್, ಕ್ಷಮಿಸಿ" ಎಂದಳು. ಆಗಲೂ ಇವರ ಬಾಯಿಂದ ಬಂದದ್ದು, "ಹೋಗಲಿ ಬಿಡಮ್ಮ" ಎಂಬ ಮಾತಷ್ಟೇ.