ಪಾಳಿ ರಫೀಕ್ ಭಾಯ್‌ದು, ಹೆಬ್ಬೆರಳು ನನ್ನದು

ಬಲಗೈಯಲ್ಲಿ ಅನ್ನ ಸಾರು. ಎಡಗೈಯಲ್ಲಿ ಹೆಂಡತಿಯ ಫೋನು. ಮಹದೇವಪುರದಲ್ಲಿ ಭಾಮೈದನ ಗೃಹಪ್ರವೇಶದ ಊಟಕ್ಕೆ ಕೂತಿದ್ದೇನೆ. ಹರಾಜು ಮುಗಿಯೋಕೆ ನಾಲ್ಕೇ ನಿಮಿಷ.

‘ಇನ್ನೊಂದು ಹೋಳಿಗೆ ಸಾರ್?’ ಅಂದರು ಬಡಿಸುವವರು. ‘ಹ್ಞೂಂ, ಹ್ಞೂಂ’ ಅಂದೆ, ಫೋನಿನಿಂದ ಕಣ್ಣು ತೆಗೆಯದೆ. ಮತ್ತೆ ಬಂದರು. ಮತ್ತೆ ಹ್ಞೂಂ. ಆಮೇಲೆ ನೋಡಿದರೆ ಎಲೆ ಮೇಲೆ ಐದು ಹೋಳಿಗೆ! ಪಕ್ಕದಲ್ಲಿ ಕೂತಿದ್ದ ಮಾವನವರು ಗಾಬರಿಯಾಗಿ ನನ್ನನ್ನೇ ನೋಡುತ್ತಿದ್ದರು. (ಅಳಿಯನಿಗೆ ಶುಗರ್ ಅಂತ ಮಗಳು ಹೇಳಿದ್ದಳಲ್ಲ.)

ಅಂಥಾ ಅರ್ಜೆಂಟು ಏನಪ್ಪಾ ಅಂದರೆ, ಒಂದು ಗಾಜಿನ ಪಟ್ಟಿ. ಹಳೇ ವಾಲ್ವ್ ರೇಡಿಯೋದಲ್ಲಿ ಮುಳ್ಳು ಓಡಾಡುತ್ತಲ್ಲ, ಅದರ ಮುಂದೆ ಊರುಗಳ ಹೆಸರು ಬರೆದಿರುತ್ತಲ್ಲ, ಆ ಡಯಲ್ ಗ್ಲಾಸು. ನನ್ನ ರೇಡಿಯೋದ್ದು ದಸರಾ ಟೈಮಲ್ಲಿ ಧೂಳು ಹೊಡೆಯುವಾಗ ನನ್ನ ಕೈಯಿಂದಲೇ ಒಡೆಯಿತು. (ಮನೆಯಲ್ಲಿ ಬೆಕ್ಕಿನ ಮೇಲೆ ಹಾಕಿದ್ದೇನೆ. ದಯವಿಟ್ಟು ಯಾರೂ ಬಾಯಿ ಬಿಡಬೇಡಿ.) ಎರಡು ವರ್ಷದಿಂದ ಪಾಪ, ಹಲ್ಲುಸೆಟ್ಟು ಕಳೆದುಕೊಂಡ ಅಜ್ಜನ ಹಾಗೆ ಶೋಕೇಸಿನಲ್ಲಿ ಕೂತಿದೆ. ಹಾಡುತ್ತೆ, ಆದರೆ ಮುಖ ನೋಡೋಕಾಗಲ್ಲ.

ಇಂಥವು ಅಂಗಡಿಯಲ್ಲಿ ಸಿಗಲ್ಲ, ಆನ್‌ಲೈನ್ ಹರಾಜೇ ಗತಿ. ಆ ಹರಾಜಿನ ಭಾಷೆ ಕಲಿಯೋಕೆ ನಾನು ಎಷ್ಟು ಕಳೆದುಕೊಂಡೆ ಅಂತ ಮಾತ್ರ ಕೇಳಬೇಡಿ. ‘ಅನ್‌ಟೆಸ್ಟೆಡ್’ ಅಂದರೆ ಟೆಸ್ಟ್ ಮಾಡಿದ್ದಾರೆ, ಸತ್ತಿದೆ. ‘ವರ್ಕಿಂಗ್’ ಅಂದರೆ ಬಲ್ಬ್ ಹತ್ತುತ್ತೆ. ಒಂದೇ ಫೋಟೋ ಇದ್ದರೆ ಆಚೆ ಕಡೆ ಇಲಿ ತಿಂದಿದೆ. ಒಮ್ಮೆ ಒಬ್ಬ ಮಾರಾಟಗಾರನಿಗೆ ‘ಸ್ವಾಮಿ, ಇದು ಹಾಡುತ್ತಾ?’ ಅಂತ ಮೆಸೇಜ್ ಹಾಕಿದ್ದೆ. ‘ನಮ್ಮ ತಾತ ದಿನಾ ಕೇಳುತ್ತಿದ್ದರು ಸರ್’ ಅಂತ ಉತ್ತರ ಬಂತು. ತಾತ ಹೋಗಿ ಎಷ್ಟು ವರ್ಷವಾಯಿತು ಅಂತ ನಾನು ಕೇಳಲಿಲ್ಲ. ಡಬ್ಬ ಬಿಚ್ಚಿದರೆ ಒಳಗೆ ಜಿರಳೆ ಸಂಸಾರ, ಮರಿಮಕ್ಕಳ ಸಮೇತ.

ಈ ಹುಚ್ಚು ನನ್ನೊಬ್ಬನದಲ್ಲ. ನಾವು ನಾಲ್ಕು ಜನ. ಭಾನುವಾರ ಬೆಳಗ್ಗೆ ಶಿವಾಜಿನಗರದ ಒಂದು ಚಹಾದಂಗಡಿಯಲ್ಲಿ ಸೇರುತ್ತೇವೆ. ಹಲಸೂರಿನ ಮುರುಗೇಶ್, ಬ್ಯಾಂಕಿನಿಂದ ರಿಟೈರ್ ಆದವರು. ಶರಣಪ್ಪ, ಕಲಬುರಗಿ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ಮನೆ, ಎಲೆಕ್ಟ್ರಿಷಿಯನ್ ಕೆಲಸ. ಮತ್ತೆ ರಫೀಕ್ ಭಾಯ್. ಅದೇ ಬೀದಿಯಲ್ಲಿ ಅವರದು ಹೊಲಿಗೆ ಮಷಿನ್ ರಿಪೇರಿ ಅಂಗಡಿ. ನಮ್ಮೆಲ್ಲರ ರೇಡಿಯೋಗಳಿಗೆ ಡಾಕ್ಟರೂ ಅವರೇ. ಫೀಸು ಒಂದು ಚಹಾ.

ನಾಲ್ವರ ಹತ್ತಿರವೂ ಒಂದೇ ಮಾಡೆಲ್ ರೇಡಿಯೋ. ಮೊದಮೊದಲು ಗೊತ್ತಿಲ್ಲದೆ ಹರಾಜಿನಲ್ಲಿ ನಮ್ಮ ನಮ್ಮಲ್ಲೇ ರೇಟ್ ಏರಿಸಿಕೊಂಡು ಬಾಯಿ ಬಾಯಿ ಬಡಿದುಕೊಂಡಿದ್ದೆವು. ಆಮೇಲೆ ರಫೀಕ್ ಭಾಯ್ ಒಂದು ಕಾನೂನು ತಂದರು. ಪಾಳಿ! ಒಂದು ಸಾಮಾನು ಬಂತು ಅಂದರೆ ಯಾರ ಪಾಳಿಯೋ ಅವರು ಮಾತ್ರ ಬಿಡ್ ಹಾಕಬೇಕು. ಮಿಕ್ಕವರು ಕೈ ಕಟ್ಟಿ ಕೂರಬೇಕು. ಬೇಕೇ ಬೇಕು ಅನಿಸಿದರೆ ಪಾಳಿಯವರನ್ನು ಬಾಯಿ ಬಿಟ್ಟು ಕೇಳಬೇಕು.

ಈ ಗ್ಲಾಸು ಬಂದಾಗ ಪಾಳಿ ಯಾರದು? ರಫೀಕ್ ಭಾಯ್‌ದು.

ಕೇಳಬಹುದಿತ್ತು. ಕೇಳಲಿಲ್ಲ. ಆಗಲ್ಲ ಅಂದುಬಿಟ್ಟರೆ? ಅದೂ ಅಲ್ಲದೆ, ಹೆಂಡತಿಯ ಹೆಸರಿನಲ್ಲಿ ಒಂದು ಅಕೌಂಟ್ ಇತ್ತಲ್ಲ! ‘ಸುಮಾಸ್ ಕಿಚನ್’. ಹಳೇ ಕಾಲದ ಹಿತ್ತಾಳೆ ಪಾತ್ರೆ ಕೊಳ್ಳೋಕೆ ಅಂತ ಅವಳು ಮಾಡಿಕೊಂಡಿದ್ದು. ಸಿಕ್ಕಿಬೀಳುವ ಭಯವೇ ಇಲ್ಲ. ನಮ್ಮದು ಆರು ವರ್ಷದ ಸ್ನೇಹ, ಆದರೆ ಒಬ್ಬರ ಹೆಂಡತಿಯ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ‘ನಿಮ್ ಮನೆಯವ್ರು’, ‘ಮೇಡಮ್’, ‘ಭಾಬಿ’, ಅಷ್ಟರಲ್ಲೇ ಮುಗೀತು. (ವಾಲ್ವ್ ನಂಬರ್ ಕೇಳಿ, ನಿದ್ದೆಯಲ್ಲೂ ಹೇಳ್ತೀವಿ.)

ಗೃಹಪ್ರವೇಶದ ಎಲೆ ಮುಂದೆ ನಾನು ಗುದ್ದಾಡುತ್ತಿದ್ದದ್ದು ಇಬ್ಬರ ಜೊತೆ. ಒಂದು ಐಡಿ ‘ಸೆಲ್ವಿ ಹೋಮ್’, ಇನ್ನೊಂದು ‘ಪಿಂಕಿ’. ನಾನು ಐವತ್ತು ಏರಿಸಿದರೆ ಪಿಂಕಿ ನೂರು ಏರಿಸುತ್ತಾಳೆ. ಅಷ್ಟರಲ್ಲಿ ಸೆಲ್ವಿ ಹಾರಿ ಬೀಳುತ್ತಾಳೆ. ಯಾರಪ್ಪಾ ಈ ಹೆಂಗಸರು, ಮಾಡೋಕೆ ಕೆಲಸ ಇಲ್ವಾ ಇವರಿಗೆ? ಒಂದು ಹಂತದಲ್ಲಿ ಗ್ಲಾಸೂ ಮರೆತುಹೋಯಿತು, ರೇಡಿಯೋನೂ ಮರೆತುಹೋಯಿತು. ಪಿಂಕಿಗೆ ಸಿಗಬಾರದು, ಅಷ್ಟೇ! ಮಜ್ಜಿಗೆ ಬರುವ ಹೊತ್ತಿಗೆ ಗ್ಲಾಸು ನನ್ನದಾಗಿತ್ತು. ಆ ದುಡ್ಡಿಗೆ ಇಡೀ ರೇಡಿಯೋನೇ ಬರುತ್ತಿತ್ತು.

ಭಾನುವಾರ ಚಹಾದಂಗಡಿಗೆ ಹೋದರೆ ಮುರುಗೇಶ್ ಕೆಂಡಾಮಂಡಲ.

‘ಏನ್ ಸಾರ್ ಕಾಲ ಇದು! ಸುಮಾಸ್ ಕಿಚನ್ ಅಂತೆ! ಮನೇಲಿ ಸಾಂಬಾರ್ ಮಾಡ್ಕೊಂಡಿರೋದು ಬಿಟ್ಟು ಆಯಮ್ಮಂಗೆ ಡಯಲ್ ಗ್ಲಾಸ್ ಯಾಕೆ ಸಾರ್? ನಾನೂ ಎಷ್ಟೂಂತ ಏರಿಸ್ಲಿ?’

ಚಹಾ ಹೀರುತ್ತಿದ್ದ ಶರಣಪ್ಪ ತಲೆ ಎತ್ತಿದರು. ‘ಅಂದ್ರ, ನೀವೂ ಹಾಕಿದ್ರೇನ್ರಿ?’

‘ನೀವೂ ಅಂದ್ರೆ?’ ಅಂದರು ಮುರುಗೇಶ್.

ಆಮೇಲೆ ಒಂದೊಂದೇ ಹೊರಗೆ ಬಂತು. ಸೆಲ್ವಿ ಅಂದರೆ ಮುರುಗೇಶ್ ಮನೆಯವರು. ಪಿಂಕಿ ಅಂದರೆ ಶರಣಪ್ಪನ ಮಗಳು. ಇಬ್ಬರ ಗ್ಲಾಸೂ ನೆಟ್ಟಗಿದೆ. ಮತ್ತ್ಯಾಕೆ? ‘ಒಂದು ಸ್ಪೇರ್ ಇರ್ಲಿ ಅಂತ ಸಾರ್’ ಅಂದರು ಒಬ್ಬರು. ‘ನಂದೂ ಅದೇ ರೀ ಸರ. ತಪ್ಪಾತು ನೋಡ್ರಿ’ ಅಂದರು ಇನ್ನೊಬ್ಬರು.

ಆಗ ನಾನೇನು ಮಾಡಿದೆ? ಒಪ್ಪಿಕೊಂಡೆನಾ? ಇಲ್ಲ ಸ್ವಾಮಿ. ‘ಛೆ ಛೆ, ರಫೀಕ್ ಭಾಯ್ ಪಾಳೀಲಿ ಹೀಗ್ ಮಾಡಬಹುದಾ?’ ಅಂತ ಇಬ್ಬರಿಗೂ ಬುದ್ಧಿ ಹೇಳಿದೆ! ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ನನ್ನದು ಹುಳ್ಳಗೂ ಇತ್ತು, ಬಾಯಿ ಜೋರಾಗೂ ಇತ್ತು.

ರಫೀಕ್ ಭಾಯ್ ನಕ್ಕರು. ‘ಅರೇ, ಜಗಳ ಬೇಡ. ನಾನು ಬಿಡ್ ಹಾಕೇ ಇಲ್ಲ. ನಮ್ ಸಾಬ್ ರೇಡಿಯೋಗೆ ಗ್ಲಾಸ್ ಇಲ್ವಲ್ಲಾ, ಇವತ್ತಲ್ಲ ನಾಳೆ ಕೇಳ್ತಾರೆ, ಅವರೇ ತಗೊಳ್ಲಿ ಅಂತ ಕಾಯ್ತಾ ಇದ್ದೆ. ಯಾಕೋ ಕೇಳ್ಲೇ ಇಲ್ಲ.’

‘ನಮ್ ಸಾಬ್’ ಅಂದರೆ ನಾನು.

ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅದು ಬಿಟ್ಟು ನಾವು ಮೂರು ಜನ ಸೇರಿಕೊಂಡು ಎಲ್ಲೋ ದೂರದಲ್ಲಿ ಕೂತ ಮಾರಾಟಗಾರನ ಮನೆಯಲ್ಲಿ ಹಬ್ಬ ಮಾಡಿಸಿದ್ದೆವು. ಹರಾಜಿನಲ್ಲಿ ಮೋಸ ಹೋದರೆ ಸೈಟನ್ನು ಬೈತೀವಿ, ಕೊರಿಯರ್‌ನವನನ್ನು ಬೈತೀವಿ, ಒಂದೇ ಫೋಟೋ ಹಾಕಿದವನ ವಂಶವನ್ನೇ ಬೈತೀವಿ. ನಮ್ಮ ಹೆಬ್ಬೆರಳನ್ನು ಯಾರು ಬೈಯಬೇಕು?

ಬುಧವಾರ ಗ್ಲಾಸು ಬಂತು. ‘ನನ್ ಹೆಸ್ರಿಗೆ ಗಾಜು ಬಂದಿದೆ ಕಣ್ರೀ, ಇದ್ರಲ್ಲಿ ಏನ್ ಬೇಯಿಸ್ಬೇಕು?’ ಅಂದಳು ಹೆಂಡತಿ. ಗ್ಲಾಸಿಗೆ ಒಂದು ಗೀರೂ ಇರಲಿಲ್ಲ. ಆದರೆ ಕೂರಿಸೋರು ಯಾರು? ಇಡೀ ಕಂಟೋನ್ಮೆಂಟಿನಲ್ಲಿ ನನಗೆ ಗೊತ್ತಿರುವ ಕೈ ಒಂದೇ, ರಫೀಕ್ ಭಾಯ್‌ದು. ಎರಡು ದಿನ ಮೀನಮೇಷ ಎಣಿಸಿದೆ. ಮೂರನೇ ದಿನ ರೇಡಿಯೋನೂ ಗ್ಲಾಸೂ ಆಟೋದಲ್ಲಿ ಹಾಕಿಕೊಂಡು ಹೊರಟೆ. ಗಾಜಲ್ವಾ, ಒಡೆದೀತು ಅಂತ ಬಂದ ಡಬ್ಬದಲ್ಲೇ ಇಟ್ಟುಕೊಂಡು ಹೋದೆ.

‘ಕಸಿನ್ ಒಬ್ಬ ಕೊಟ್ಟ ಭಾಯ್’ ಅಂದೆ.

ಅವರು ಡಬ್ಬ ತಿರುಗಿಸಿ ನೋಡಿದರು. ಮೇಲೆ ಅಂಟಿಸಿದ್ದ ಅಡ್ರೆಸ್ ಓದಿದರು. ಸ್ಕ್ರೂ ಡ್ರೈವರ್ ತೆಗೆದುಕೊಂಡು ಕೂತರು. ಅವರ ಹಿಂದೆ ಶೆಲ್ಫಿನಲ್ಲಿ ಅವರದೇ ರೇಡಿಯೋ ವಾರ್ತೆ ಹೇಳುತ್ತಿತ್ತು. ಅದರ ಡಯಲ್ ಗ್ಲಾಸಿನ ಮೇಲೆ ಈ ತುದಿಯಿಂದ ಆ ತುದಿಗೆ ಟೇಪು.

‘ನಿಮ್ದೂ ಒಡೆದಿದ್ಯಾ ಭಾಯ್?’

‘ಎರಡು ತಿಂಗಳಾಯ್ತು ಸಾಬ್. ಟೇಪ್ ಹಾಕಿದೀನಿ. ಚಲ್ತಾ ಹೈ.’

ನಾಚಿಕೆಯಿಂದ ಕುಗ್ಗಿಹೋದೆ. ‘ಹಾಗಾದ್ರೆ ಇದನ್ನ ನಿಮ್ದಕ್ಕೇ ಹಾಕ್ಕೊಳ್ಳಿ’ ಅಂತ ನಾಲಿಗೆ ತುದಿವರೆಗೂ ಬಂತು. ಅಲ್ಲೇ ಉಳಿಯಿತು. (ಇಲ್ಲಿ ಸುಳ್ಳು ಬರೆದು ದೊಡ್ಡವನಾಗಬಹುದಿತ್ತು. ಬೇಡ.)

ಗ್ಲಾಸು ಒಳ್ಳೇ ಎರಕ ಹೊಯ್ದ ಹಾಗೆ ಕೂತಿತು. ರಫೀಕ್ ಭಾಯ್ ಚಹಾ ತರಿಸಿದರು, ಅವರೇ ದುಡ್ಡು ಕೊಟ್ಟರು. ರೇಡಿಯೋ ಎತ್ತಿಕೊಂಡು ಬಂದು ಆಟೋದಲ್ಲಿ ಇಟ್ಟುಕೊಟ್ಟರು. ಆಟೋ ಹೊರಡುವ ಮುಂಚೆ ಒಳಗೆ ಬಗ್ಗಿ ಹೇಳಿದರು:

‘ಸುಮಾ ಭಾಬೀಗೆ ನನ್ ಸಲಾಂ ಹೇಳಿ ಸಾಬ್. ಮುಂದಿನ ಪಾಳಿ ಅವರದೇ.’